ಕಡಿತವಿಲ್ಲದ ತೂಕ

ಹಳೇ ಕಂಪ್ಯೂಟರುಗಳಿಗೆ ಹೊಸ ಅಪ್‌ಡೇಟು ಬಂತೆಂದರೆ ನನಗೆ ಸುಗ್ಗಿ. ಊರು ಹೊತ್ತಿ ಉರಿಯುವಾಗ ಬೀಡಿ ಹಚ್ಚಿಕೊಳ್ಳುವವರ ಪೈಕಿ ಇವಳು ಎಂದು ನೀವು ಅಂದುಕೊಂಡರೂ ಸರಿಯೇ. ಆ ತಿಂಗಳು ಕೆ.ಆರ್. ಪೇಟೆಯ ಫ್ಲೆಕ್ಸ್ ಅಂಗಡಿ, ನಾಗಮಂಗಲದ ಜೆರಾಕ್ಸ್ ಅಂಗಡಿ, ಶ್ರೀರಂಗಪಟ್ಟಣದ ಮದುವೆ ವಿಡಿಯೋ ಸ್ಟುಡಿಯೋ, ಎಲ್ಲಾ ಕಡೆಯಿಂದಲೂ ಒಂದೇ ಗೋಳು. ಅಪ್‌ಡೇಟ್ ಆಯ್ತು, ಆಮೇಲೆ ಎದ್ದೇಳ್ತಾನೇ ಇಲ್ಲ.

ಏಳುವುದಾದರೂ ಹೇಗೆ? ಬೆಂಗಳೂರಿನ ಆಫೀಸುಗಳು ಚೆನ್ನಾಗಿ ದುಡಿಸಿಕೊಂಡು ಗುಜರಿಗೆ ಹಾಕಿದ ದಪ್ಪ ದಪ್ಪ ವರ್ಕ್‌ಸ್ಟೇಷನ್ನುಗಳನ್ನು ನಮ್ಮ ಕಡೆಯವರು ತಂದು ಇನ್ನೊಂದು ಜನ್ಮಕ್ಕಾಗುವಷ್ಟು ದುಡಿಸುತ್ತಾರೆ. ಧೂಳು ಒರೆಸುವುದಿಲ್ಲ, ಆಯುಧಪೂಜೆಯ ದಿನ ಮಾತ್ರ ಕುಂಕುಮ ಇಟ್ಟು ಕೈ ಮುಗಿಯುತ್ತಾರೆ. ಅಂಥ ಮುದಿ ಎತ್ತಿಗೆ ಹೊಸ ನೊಗ ಹೊರಿಸಿದರೆ ಅದು ಮಂಡಿಯೂರದೆ ಇನ್ನೇನು ಮಾಡೀತು? ನಾನು ಬೈದುಕೊಂಡೇ ಹೋಗುತ್ತೇನೆ, ಬೈದುಕೊಂಡೇ ಸರಿಮಾಡುತ್ತೇನೆ.

ಪಾಂಡವಪುರ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ನನ್ನ ಬಾಯಿ ಜೋರು ಎಂಬುದು ಊರಿಗೆಲ್ಲ ಗೊತ್ತು, ಆದರೂ ಜನ ಹುಡುಕಿಕೊಂಡು ಬರುತ್ತಾರೆ. ಮೊದಮೊದಲು ಅದು ನನ್ನ ಕೈಗುಣ ಎಂದು ಬೀಗುತ್ತಿದ್ದೆ. ನಾಗಮಂಗಲದ ಜೆರಾಕ್ಸ್ ಅಂಗಡಿಯವರು ಮೊದಲ ಸಲ ಕಂಪ್ಯೂಟರು ಒಪ್ಪಿಸಿದಾಗ ರಸೀದಿ ಬರೆಯಲು ಹೋದೆ. "ಅದ್ಯಾಕವ್ವ, ನೀನು ವೇಬ್ರಿಡ್ಜ್ ಕೆಂಪಣ್ಣನ ಮಗಳಲ್ವಾ?" ಎಂದುಬಿಟ್ಟರು. ಅವತ್ತು ತಿಳಿಯಿತು ನನಗೆ. ನನ್ನ ಅಂಗಡಿಯ ನಿಜವಾದ ಬಂಡವಾಳ ನಮ್ಮಪ್ಪನ ಹೆಸರು. ಅದೊಂದು ಹೋದರೆ ನನ್ನ ಹತ್ತಿರ ಉಳಿಯುವುದು ಸ್ಕ್ರೂಡ್ರೈವರು ಮತ್ತು ಈ ಬಾಯಿ.

ಅಪ್ಪ ಕೆಲಸ ಮಾಡುವ ವೇಬ್ರಿಡ್ಜು ಇರುವುದು ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ. ನೆಲದ ಮಟ್ಟಕ್ಕೆ ಹಾಸಿದ ದೊಡ್ಡ ಕಬ್ಬಿಣದ ತಟ್ಟೆ. ಕಬ್ಬು ತುಂಬಿದ ಟ್ರಾಕ್ಟರು ಅದರ ಮೇಲೆ ಹತ್ತಿ ನಿಂತರೆ ಪಕ್ಕದ ರೂಮಿನ ಕಂಪ್ಯೂಟರಿಗೆ ತೂಕ ಬರುತ್ತದೆ, ಗೋಡೆಯ ಮೇಲಿನ ಬೋರ್ಡಿನಲ್ಲಿ ಅದೇ ಅಂಕಿ ಕೆಂಪಗೆ ಹೊಳೆಯುತ್ತದೆ. ಆಮೇಲೆ ಹಿಂದಿನ ಆಲೆಮನೆಯಲ್ಲಿ ಕಬ್ಬು ಇಳಿಸಿ, ಖಾಲಿ ಗಾಡಿಯನ್ನು ಮತ್ತೊಮ್ಮೆ ತೂಗುತ್ತಾರೆ. ವೇಬ್ರಿಡ್ಜೂ ಆಲೆಮನೆಯೂ ಮೊದಲು ಚಿಕ್ಕಸ್ವಾಮಪ್ಪ ಎಂಬುವರದಾಗಿತ್ತು. ಅವರು ತೀರಿಕೊಂಡ ಮೇಲೆ ಮಗ ರಘುನಂದನ್ ನೋಡಿಕೊಳ್ಳುತ್ತಾನೆ.

ನಮ್ಮ ಕಡೆ ಕಬ್ಬು ತೂಗುವ ಜಾಗದಲ್ಲೆಲ್ಲ ಕಡಿತ ಅಂತ ಒಂದು ಪದ್ಧತಿ ಇದೆ. ಸೋಗೆ ಬಂದಿದೆ, ಬೇರಿನ ಮಣ್ಣು ಬಂದಿದೆ ಎಂದು ನೂರಕ್ಕೆ ಇಷ್ಟು ಅಂತ ತೂಕದಲ್ಲಿ ಕಳೆಯುತ್ತಾರೆ. ಎಷ್ಟು ಕಳೆಯಬೇಕೆಂಬುದು ತೂಗುವವನ ನಾಲಗೆಯ ಮೇಲೆ. ಅಪ್ಪನ ವೇಬ್ರಿಡ್ಜಿನಲ್ಲಿ ಮಾತ್ರ ಕಡಿತವೇ ಇಲ್ಲ. ಬಾಗಿಲ ಮೇಲೆ "ಇಲ್ಲಿ ಕಡಿತ ಇಲ್ಲ" ಎಂದು ಬಣ್ಣದಲ್ಲಿ ಬರೆಸಿದ್ದಾರೆ. ಬೆಳಿಗ್ಗೆ ಮೊದಲ ಗಾಡಿ ಹತ್ತುವ ಮುಂಚೆ ಸಾಲಿನಲ್ಲಿ ಮುಂದೆ ಇರುವ ರೈತನೇ ಎರಡು ಸಿಮೆಂಟ್ ಮೂಟೆ ತಂದು ತಟ್ಟೆಯ ಮೇಲೆ ಇಡುತ್ತಾನೆ. ಬೋರ್ಡು ನೂರು ಕೆ.ಜಿ. ಎಂದು ತೋರಿಸಿದ ಮೇಲೆಯೇ ಕಸುಬು ಶುರು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರು ಕೂಡ ದಾರಿಯಲ್ಲಿ ಸಿಗುವ ವೇಬ್ರಿಡ್ಜುಗಳನ್ನೆಲ್ಲ ಬಿಟ್ಟು ಇಲ್ಲಿಗೆ ಬರುತ್ತಿದ್ದರು.

ಆ ಕಂಪ್ಯೂಟರನ್ನು ಅಪ್ಪ ನನಗೆ ಮುಟ್ಟಲು ಬಿಟ್ಟಿದ್ದೇ ಇಲ್ಲ. "ಅದುಕ್ಕೆ ಮೈಸೂರಿನೋನು ಒಬ್ಬ ಅವ್ನೆ, ನೀನು ತಲೆ ಆಕ್ಬ್ಯಾಡ" ಎನ್ನುತ್ತಿದ್ದ. ನಾಲ್ಕು ತಾಲ್ಲೂಕಿನವರು ನನ್ನನ್ನು ಕರೆಯುವಾಗ ಹೆತ್ತ ಅಪ್ಪನೇ ಕರೆಯುವುದಿಲ್ಲವಲ್ಲ ಎಂದು ನನಗೆ ಉರಿಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಚುಚ್ಚಿಯೂ ಇದ್ದೆ. ಅಪ್ಪ ನಕ್ಕು ಸುಮ್ಮನಾಗುತ್ತಿದ್ದ.

ಹಾಗಾಗಿ ಅವತ್ತು ಬೆಳಿಗ್ಗೆ ಅಪ್ಪನೇ ಫೋನ್ ಮಾಡಿದಾಗ ನನಗೆ ಒಳಗೊಳಗೇ ಹಿಗ್ಗು.

"ಅರ್ಪಿತಾ, ಒಸಿ ಬತ್ತೀಯಾ ಮಗಾ? ಮಿಷಿನ್ನು ಏಳ್ತಾನೇ ಇಲ್ಲ. ಟ್ರಾಕ್ಟರ್‌ಗಳು ರೋಡಿನ ಗಂಟ ನಿಂತವೆ. ಮೈಸೂರಿನೋನು ಫೋನ್ ಎತ್ತಾಕಿಲ್ಲ, ರಘಪ್ಪ ಊರಲ್ಲಿಲ್ಲ."

"ಅಪ್‌ಡೇಟ್ ಆಯ್ತಾ?"

"ಎರಡು ದಿನದ ಇಂದೆ ರಘಪ್ಪ ಇಂಟರ್ನೆಟ್ ಕೊಡ್ಸುದ್ರು. ಅದೇನೋ ಕೇಳ್ತಾ ಇತ್ತು, ಆಮೇಲೆ ಆಮೇಲೆ ಅಂತ ತಳ್ತಾ ಇದ್ದೆ. ರಾತ್ರಿ ಅದೇ ಆಕ್ಕಬುಟ್ಟದೆ ಕಣವ್ವ."

ಸ್ಕೂಟಿ ಹತ್ತಿದೆ. ಹೋಗಿ ನೋಡಿದರೆ ರಸ್ತೆಯ ಎರಡೂ ಪಕ್ಕ ಕಬ್ಬಿನ ಗಾಡಿಗಳು. ಚಾಲಕರು ನೆರಳು ಹುಡುಕಿಕೊಂಡು ಟ್ರಾಕ್ಟರಿನ ಕೆಳಗೆ ಮಲಗಿದ್ದರು. ಅಂಗಳದ ಒಳಗೆ ನಿಂತಿದ್ದದ್ದು ಪಾಲಹಳ್ಳಿಯ ಮಾಯಮ್ಮನ ಗಾಡಿ. ಮಾಯಮ್ಮ ಒಂಟಿಯಾಗಿ ಗದ್ದೆ ಮಾಡುವ ಗಟ್ಟಿಗಿತ್ತಿ. ಆಕೆಯ ಮುಂದೆ ನನ್ನ ಬಾಯಿಯೂ ಸ್ವಲ್ಪ ತಗ್ಗುತ್ತದೆ. ಹಿಂದಿನ ಸಂಜೆಯೇ ಆಕೆಯ ಕಬ್ಬಿನ ತೂಕವಾಗಿತ್ತು. ಆಲೆಮನೆಯಲ್ಲಿ ಜಾಗವಿಲ್ಲದೆ ಇಳಿಸಿರಲಿಲ್ಲ. ಈಗ ಮಿಷಿನ್ನು ಸರಿಯಾಗುವವರೆಗೆ ಇಳಿಸಲು ಆಕೆ ಒಪ್ಪುತ್ತಿಲ್ಲ. ತುಂಬಿದ್ದು ತೂಗಿದ ಮಿಷಿನ್ನಿನಲ್ಲೇ ಖಾಲಿಯೂ ಆಗಬೇಕು ಎಂಬುದು ಆಕೆಯ ಪಟ್ಟು.

"ನಿಮ್ಮಪ್ಪನ್ನ ನಂಬ್ತೀನಿ ಕಣಮ್ಮಿ, ಬೇರೆ ಯಾರ್ನೂ ನಂಬಾಕಿಲ್ಲ" ಎಂದಳು ಮಾಯಮ್ಮ. "ಬೇಗ ನೋಡು. ಕಬ್ಬು ಬಿಸ್ಲಲ್ಲಿ ಒಣಗ್ತಾ ಐತೆ."

ರೂಮಿನೊಳಗೆ ಬೆಲ್ಲದ ವಾಸನೆ, ನೊಣ, ಮೇಜಿನ ಕೆಳಗೆ ಎಮ್ಮೆಯಷ್ಟು ಗಾತ್ರದ ಹಳೇ ವರ್ಕ್‌ಸ್ಟೇಷನ್ನು. ಇದನ್ನು ಯಾಕೆ ಬದಲಾಯಿಸಿಲ್ಲ ಎಂದು ಕೇಳುವ ಹಾಗೆಯೇ ಇಲ್ಲ. ತಟ್ಟೆಯ ತೂಕ ಮೊದಲು ಒಂದು ಉಕ್ಕಿನ ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ಕಂಪ್ಯೂಟರಿಗೆ ಬರುವ ದಪ್ಪ ಕೇಬಲ್ಲನ್ನು ಚುಚ್ಚುವ ಜಾಗವೇ ಹೊಸ ಕಂಪ್ಯೂಟರುಗಳಲ್ಲಿ ಇರುವುದಿಲ್ಲ. ಆ ಪೆಟ್ಟಿಗೆಗೂ ತೂಕ ತೋರಿಸುವ ಪುಟ್ಟ ಗಾಜು ಇರುತ್ತದೆ. ಇಲ್ಲಿ ಅದು ರಘುನಂದನ್‌ನ ಬೀರುವಿನೊಳಗೆ, ಬೀಗದಲ್ಲಿತ್ತು. ಆಗ ನಾನು ಅದರ ಬಗ್ಗೆ ಏನೂ ಯೋಚಿಸಲಿಲ್ಲ.

ಗುಂಡಿ ಒತ್ತಿದೆ. ಕಂಪನಿಯ ಹೆಸರು ಬಂತು, ಚುಕ್ಕಿಗಳು ಸುತ್ತಿದವು, ಪರದೆ ನೀಲಿಯಾಯಿತು, ಮತ್ತೆ ಮೊದಲಿಂದ ಕಂಪನಿಯ ಹೆಸರು. ಅಪ್‌ಡೇಟನ್ನು ವಾಪಸ್ ತೆಗೆಯುವ ಹಾದಿ ಹಿಡಿದೆ, ಆಗಲ್ಲ ಎಂದಿತು. ನನ್ನ ಪೆನ್‌ಡ್ರೈವಿನಿಂದ ಎಬ್ಬಿಸಿ ಡಿಸ್ಕು ನೋಡಿದೆ, ಅದು ಗಟ್ಟಿಮುಟ್ಟಾಗಿತ್ತು. ಹಾಗಾದರೆ ಏಳುವ ಹಾದಿಯಲ್ಲೇ ಯಾರೋ ಕಾಲು ಅಡ್ಡ ಕೊಡುತ್ತಿದ್ದಾರೆ ಎಂದಾಯಿತು.

ಅಪ್ಪ ಬಾಗಿಲಲ್ಲಿ ನಿಂತು, "ಏನಾಗದೆ ಮಗಾ?" ಎಂದ.

ಅವನಿಗೆ ಅರ್ಥವಾಗುವ ಹಾಗೆ ಹೇಳಿದೆ. "ನೋಡಪ್ಪ, ಕಂಪ್ಯೂಟರು ಏಳುವಾಗ ತನ್ನ ಆಳುಗಳನ್ನೆಲ್ಲ ಒಬ್ಬೊಬ್ಬರಾಗಿ ಕೂಗ್ತದೆ. ಕೀಬೋರ್ಡಿನೋನು ಬಾ, ಪ್ರಿಂಟರಿನೋನು ಬಾ ಅಂತ. ಮೊದ್ಲು ಯಾರು ಬಂದ್ರೂ ಒಳಗೆ ಬಿಡ್ತಿತ್ತು. ಈ ಹೊಸ ಅಪ್‌ಡೇಟು ಗುರುತು ಪತ್ರ ಇಲ್ದೋನ್ನ ಬಿಡಲ್ಲ. ಇಲ್ಲಿ ಯಾವನೋ ಒಬ್ಬ ಗುರುತು ಪತ್ರ ಇಲ್ದೋನು ಅವ್ನೆ. ಇವನು ಬಿಡಲ್ಲ, ಅವನು ಹೋಗಲ್ಲ. ಅದ್ಕೇ ಗಲಾಟೆ."

ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಸೆಕೆ ಎಂದುಕೊಂಡೆ.

ಏಳುವಾಗ ಯಾರ್ಯಾರನ್ನು ಕೂಗಿತು ಎಂಬುದನ್ನು ದಾಖಲು ಮಾಡಿಸಿ ಓದಿದೆ. ಕೊನೆಗೆ ಕೂಗಿದ ಹೆಸರಿನ ಹತ್ತಿರ ನಿಂತಿತ್ತು. ಸಣ್ಣ ಫೈಲು. ತೂಕದ ಕೇಬಲ್ಲಿಗೂ ತೂಕದ ಸಾಫ್ಟ್‌ವೇರಿಗೂ ನಡುವೆ ಕೂತಿತ್ತು. ಅಂಥದ್ದನ್ನು ನಾನು ಬೇರೆ ಎಲ್ಲೂ ಕಂಡಿರಲಿಲ್ಲ. ಮೈಸೂರಿನವನು ಏನೋ ತೇಪೆ ಹಾಕಿದ್ದಾನೆ, ಇಂಥ ಅರೆಬರೆ ಕೆಲಸದವರಿಂದಲೇ ನಮ್ಮ ಹೆಸರೂ ಕೆಡುವುದು ಎಂದು ಅವನಿಗೆ ಮಂಗಳಾರತಿ ಎತ್ತಿ, ಆ ಫೈಲಿನ ಹೆಸರು ಬದಲಾಯಿಸಿ ಪಕ್ಕಕ್ಕಿಟ್ಟೆ. ಮತ್ತೆ ಗುಂಡಿ ಒತ್ತಿದೆ. ಚುಕ್ಕಿಗಳು ಸುತ್ತಿದವು, ಸುತ್ತಿದವು, ಆಮೇಲೆ ಪರದೆಯ ಮೇಲೆ ಚಿಕ್ಕಸ್ವಾಮಪ್ಪನವರು ಇಡಿಸಿದ್ದ ವೆಂಕಟೇಶ್ವರನ ಪಟ ಕಾಣಿಸಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಆಗಿತ್ತು.

"ಎದ್ದೈತೆ!" ಎಂದು ಹೊರಗೆ ಕೂಗಿದೆ. ಟ್ರಾಕ್ಟರಿನ ಕೆಳಗಿದ್ದವರೆಲ್ಲ ಎದ್ದು ಬಂದರು. ಯಾರೋ ಸಿಳ್ಳೆ ಹೊಡೆದರು. ಅಪ್ಪನ ಕಡೆ ನೋಡಿದೆ, ಹೇಗಿದೆ ಹಿತ್ತಲ ಗಿಡ ಎನ್ನುವ ಹಾಗೆ.

ಸಿಮೆಂಟ್ ಮೂಟೆ ಇಟ್ಟರು. ಬೋರ್ಡು ನೂರು ಎಂದಿತು. ಅಷ್ಟಕ್ಕೇ ಬಿಟ್ಟಿದ್ದರೆ ಏನಾಗುತ್ತಿತ್ತೋ ಕಾಣೆ. ನಾನು ಸುಮ್ಮನಿರಬೇಕಲ್ಲ! ರಿಪೇರಿ ಮಾಡಿದ ಮೇಲೆ ಪೂರ್ತಿ ಪರೀಕ್ಷೆ ಮಾಡದೆ ಎದ್ದು ಹೋಗುವವಳಲ್ಲ ನಾನು.

"ತುಂಬಿದ ಗಾಡಿ ಒಂದು ಹತ್ತಿಸಿ. ಮಾಯಮ್ಮನೋರ್ದೇ ಹತ್ತಿಸಿ, ನೆನ್ನೆ ತೂಕ ಗೊತ್ತೈತಲ್ಲ, ತಾಳೆ ನೋಡ್ಬೋದು" ಎಂದೆ.

ಅಪ್ಪ "ಬ್ಯಾಡ ಬುಡು, ಬೇರೆ ಗಾಡಿ ಅತ್ತುಸ್ಲಿ" ಎಂದ. ಮೆಲ್ಲಗೆ ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾಯಮ್ಮನ ಗಾಡಿ ಓಡಿಸುವವನು ಶ್ರೀರಂಗಪಟ್ಟಣದ ಸಾದಿಕ್. ಟ್ರಾಕ್ಟರನ್ನು ತಟ್ಟೆಯ ಮೇಲೆ ತಂದು ನಿಲ್ಲಿಸಿ ಇಳಿದ. ಹಿಂದಿನ ಸಂಜೆ ಆಗಿದ್ದ ತೂಕ ಒಂಬತ್ತು ಸಾವಿರದ ಆರುನೂರು ಕೆ.ಜಿ. ಬೋರ್ಡಿನ ಅಂಕಿ ಓಡಿತು, ತೂಗಾಡಿತು, ನಿಂತಿತು. ಒಂಬತ್ತು ಸಾವಿರದ ಒಂಬೈನೂರ ಎಂಬತ್ತು.

ಸಾದಿಕ್ ಕೆಳಗೆ ಬಗ್ಗಿ ತಟ್ಟೆಯ ಮೇಲೆ ಬೇರೆ ಯಾರಾದರೂ ನಿಂತಿದ್ದಾರಾ ಎಂದು ನೋಡಿದ. ಟ್ರಾಕ್ಟರನ್ನು ಇಳಿಸಿ ಮತ್ತೆ ಹತ್ತಿಸಿದ. ಅದೇ ಅಂಕಿ.

"ಯಾ ಅಲ್ಲಾ" ಎಂದ ಸಾದಿಕ್. "ಕಬ್ಬು ಒಣಗುದ್ರೆ ತೂಕ ಇಳೀತದೆ. ರಾತ್ರಿಯೆಲ್ಲ ನಿಂತ್ಕಂಡು ಏರಿರೋ ಕಬ್ಬ ಯಾರಾದ್ರೂ ಕಂಡಿದ್ದೀರೇನ್ರಪ್ಪ?"

ಏನೋ ತಪ್ಪು ಮಾಡಿದೆ ಎಂದೇ ನನಗೆ ಮೊದಲು ಅನಿಸಿದ್ದು. ನಾಚಿಕೆಯಾಯಿತು. ಅಷ್ಟು ಜನರ ಮುಂದೆ, ಅದೂ ಅಪ್ಪನ ಮಿಷಿನ್ನಿನ ಮೇಲೆ ತಪ್ಪು ಕೆಲಸ. ಒಳಗೆ ಓಡಿ ಬಂದು ಕೀಬೋರ್ಡಿನ ಮುಂದೆ ಕೂತೆ. ಅಪ್ಪ ನನ್ನ ಹಿಂದೆಯೇ ಬಂದ. ಕಿಟಕಿಯಿಂದ ಬೋರ್ಡನ್ನೇ ನೋಡುತ್ತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. ಜೀವಮಾನವೆಲ್ಲ ತೂಕ ಮಾಡಿದವನು, ಲೆಕ್ಕ ಅವನ ಬಾಯಲ್ಲೇ ಆಗುತ್ತದೆ.

"ನೂರು ಬರ್ಬೇಕಿತ್ತು" ಎಂದ. "ನೂರು ಎಚ್ಚಾಗ್ಬೇಕಿತ್ತು. ನಾನ್ನೂರರ ಅತ್ರ ಎಂಗ್ ಬಂತು?"

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ಕೀಬೋರ್ಡು ಬಿಟ್ಟು ಅವನ ಕಡೆ ತಿರುಗಿದೆ.

"ಅಪ್ಪ, ನೂರು ಹೆಚ್ಚಾಗ್ಬೇಕಿತ್ತು ಅಂತ ನಿಂಗೆ ಹೆಂಗೆ ಗೊತ್ತು?"

ಅಪ್ಪ ನನ್ನ ಕಡೆ ತಿರುಗಿದ. ಆ ಮಾತು ಜೋರಾಗಿ ಆಡಿದ್ದು ಅವನಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಬಾಗಿಲು ಮುಂದಕ್ಕೆ ಎಳೆದ.

"ನೂರಕ್ಕೆ ಒಂದು ಕಣವ್ವ. ಚಿಕ್ಕಸ್ವಾಮಪ್ಪೋರ ಕಾಲದಲ್ಲಿ ಮಾತಾಗಿದ್ದು ಅಷ್ಟೇ, ಒಂದು. ಬೇರೆ ಕಡೆ ಎರಡು ಕಡೀತಿದ್ರು, ಮೂರು ಕಡೀತಿದ್ರು. ನಾವು ಒಂದೇ."

"ಕಡಿತ ಇಲ್ಲ ಅಂತ ಬರೆಸಿದ್ದೀರಲ್ಲಪ್ಪ! ಬಾಗಿಲ ಮೇಲೆ!"

"ಕೂಗ್ಬ್ಯಾಡ" ಎಂದ. ಸ್ಟೂಲಿನ ಮೇಲೆ ಕೂತ. "ನೀನು ಆಗ ಚಿಕ್ಕೋಳು. ಒಂದೊಂದು ಗಾಡಿಗೂ ಜಗಳ ಆಯ್ತಿತ್ತು. ಸೋಗೆ ಇಷ್ಟೈತೆ ಅಂತ ನಾವು, ಇಲ್ಲ ಅಂತ ಅವ್ರು. ಒಂದಿನ ಅವನ್ಗೆ ಕಮ್ಮಿ ಕಡುದ್ರಿ, ನಂಗೆ ಜಾಸ್ತಿ ಕಡುದ್ರಿ ಅಂತ ಕಿಕ್ಕೇರಿ ಮಂಚಯ್ಯಂಗೂ ಇನ್ನೊಬ್ಬ ರೈತಂಗೂ ಅತ್ತಿಕೊಂಡು ಮಚ್ಚು ಎತ್ಬುಟ್ರು. ಮಂಚಯ್ಯನ ತಲೆ ಒಡೀತು. ಆ ತಟ್ಟೆ ಮೇಲಿನ ರಕ್ತ ತೊಳ್ದೋನು ನಾನು. ಮೂರು ದಿನ ಅನ್ನ ಸೇರ್ನಿಲ್ಲ ನಂಗೆ. ನಾನೇ ಚಿಕ್ಕಸ್ವಾಮಪ್ಪೋರ್ಗೆ ಯೋಳ್ದೆ, ಈ ಬಾಯಿ ಮಾತಿನ ಕಡಿತ ಬ್ಯಾಡ, ಮಿಷಿನ್ನೇ ಕಡಕಳ್ಳಿ, ಯಾರ್ಗೂ ಗೊತ್ತಾಗದಂಗೆ ಅಂತ. ಅವ್ರು ಮೈಸೂರಿನೋನ್ನ ಕರ್ಸುದ್ರು. ಅಲ್ಲಿಂದೀಚೆಗೆ ಇಲ್ಲಿ ಒಂದು ಜಗಳ ಆಗಿಲ್ಲ ಕಣವ್ವ. ಒಂದೇ ಒಂದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹುಡುಕಿದ ಉಪಾಯ. ಸಿಮೆಂಟ್ ಮೂಟೆಗೆ ಆ ಸಣ್ಣ ಫೈಲು ಕೈ ಹಚ್ಚುತ್ತಿರಲಿಲ್ಲ, ಖಾಲಿ ಟ್ರಾಕ್ಟರಿಗೂ ಹಚ್ಚುತ್ತಿರಲಿಲ್ಲ. ಭಾರದ ಗಾಡಿ ಹತ್ತಿದಾಗ ಮಾತ್ರ ನಡುವೆ ಕೂತು ಕತ್ತರಿಸಿ, ಉಳಿದದ್ದನ್ನು ಬೋರ್ಡಿಗೆ ಕಳಿಸುತ್ತಿತ್ತು. ಬೀರುವಿನ ಪೆಟ್ಟಿಗೆ ಎಂದೂ ಸುಳ್ಳು ಹೇಳಿರಲಿಲ್ಲ, ಆದ್ದರಿಂದಲೇ ಅದಕ್ಕೆ ಬೀಗ. ನಾನು ಮೈಸೂರಿನವನ ತೇಪೆ ಎಂದು ಕಿತ್ತು ಪಕ್ಕಕ್ಕಿಟ್ಟಿದ್ದು ನಮ್ಮಪ್ಪನ ಉಪಾಯವನ್ನು.

ನನಗೆ ಸಿಟ್ಟು ಬರಬೇಕಿತ್ತು. ಸಣ್ಣ ಪುಟ್ಟದ್ದಕ್ಕೆಲ್ಲ ಬರುವ ಸಿಟ್ಟು ಅವತ್ತು ಎಲ್ಲಿ ಹೋಗಿತ್ತೋ. ನಾನು ಚಿಕ್ಕವಳಿದ್ದಾಗಿನಿಂದ ಕೇಳಿಕೊಂಡು ಬಂದ ಮಾತು ಒಂದೇ: ಕೆಂಪಣ್ಣನ ತೂಕ ಅಂದರೆ ತೂಕ. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ನಾಗಮಂಗಲದ ಅಂಗಡಿಯಲ್ಲಿ. ಅಷ್ಟೂ ಸಲ ನಾನು ತಲೆ ಎತ್ತಿಕೊಂಡು ಹೌದು ಅವರ ಮಗಳೇ ಎಂದಿದ್ದೆ.

"ಅದೇನೋ ಆಚೀಚೆ ಆಗದೆ. ನಾಲ್ಕಕ್ಕೆ ಯಾಕೆ ಓಯ್ತೋ ಕಾಣೆ" ಎಂದ ಅಪ್ಪ. "ನೀನು ಅದುನ್ನ ಒಂದಕ್ಕೇ ಇಟ್ಟು ಮೊದ್ಲಿದ್ದಂಗೇ ಕೂರ್ಸ್‌ಬುಡವ್ವ. ಮಾಯಮ್ಮುಂಗೆ ಬೋರ್ಡು ಕೆಟ್ಟಿತ್ತು ಅಂತ ನಾನು ಯೋಳ್ತೀನಿ."

"ಏನಂದೆ?"

"ಮೊದ್ಲಿದ್ದಂಗೇ ಕೂರ್ಸು ಅಂದೆ."

ಹೊರಗೆ ಕಾರಿನ ಸದ್ದಾಯಿತು. ರಘುನಂದನ್ ಬಂದ. ಮೈಸೂರಿನಿಂದ ಬರುವ ದಾರಿಯಲ್ಲೇ ಯಾರೋ ಫೋನ್ ಮಾಡಿ ಹೇಳಿರಬೇಕು, ಮುಖ ಬಿಳಿಚಿಕೊಂಡಿತ್ತು. ಆದರೂ ಒಳಗೆ ಬಂದು ಬಾಗಿಲು ಹಾಕಿ ನಕ್ಕ.

"ಏನಮ್ಮ ಅರ್ಪಿತಾ, ತೂಕ ಏರಿದೆಯಂತಲ್ಲ? ಹಳೇ ಫೈಲ್ ಏನೋ ತೆಗೆದುಬಿಟ್ಟಿರಬೇಕು ನೀನು. ತಪ್ಪಿಲ್ಲ, ನಿನಗೆ ಗೊತ್ತಿರಲಿಲ್ಲ. ಮೊದಲು ಹೇಗಿತ್ತೋ ಹಾಗೇ ಕೂರಿಸಿಬಿಡು. ಬೋರ್ಡು ಕೆಟ್ಟಿತ್ತು ಅಂತ ಹೊರಗೆ ನಾನು ಹೇಳ್ತೀನಿ."

ಅಪ್ಪ ಆಡಿದ ಮಾತೇ. ಒಂದಕ್ಷರ ಆಚೀಚೆ ಇಲ್ಲ. ಅಪ್ಪನಿಗೂ ಅದು ಕೇಳಿಸಿತು ಎಂಬುದು ಅವನ ಮುಖದಲ್ಲೇ ಕಂಡಿತು. ಬೇರೆಯವರ ಬಾಯಲ್ಲಿ ಬಂದಾಗ ಆ ಮಾತು ಎಷ್ಟು ಹೊಲಸಾಗಿತ್ತು.

"ರಘಪ್ಪ, ನಾಲ್ಕು ಆಗದಲ್ಲ?" ಎಂದ ಅಪ್ಪ. "ಒಂದು ತಾನೇ ಇದ್ದಿದ್ದು?"

"ಖರ್ಚು ಎಷ್ಟಾಗಿದೆ ನಿಮಗೇ ಗೊತ್ತಲ್ಲ ಕೆಂಪಣ್ಣ."

"ನಂಗೆ ಒಂದು ಮಾತು ಯೋಳ್ಬೇಡ್ವಾ?"

"ಹೇಳಿ ಏನು ಮಾಡಬೇಕಿತ್ತು?" ರಘುನಂದನ್‌ಗೆ ನಿಜವಾಗಿಯೂ ಅಚ್ಚರಿಯಾದ ಹಾಗಿತ್ತು. "ನಿಮ್ಮ ಕಣ್ಣ ಮುಂದೆಯೇ ತೂಗ್ತಾ ಇದ್ದಿರಿ, ನಿಮಗೇ ಗೊತ್ತಾಗಲಿಲ್ಲ. ದಾರಿ ಹಾಕಿದವರು ನೀವು ಮತ್ತೆ ನಮ್ಮಪ್ಪ. ನಾನು ಒಂದು ಅಂಕಿ ಬದಲಾಯಿಸಿದೆ, ಅಷ್ಟೇ."

ಅಪ್ಪನಿಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಎನ್ನುತ್ತಾರಲ್ಲ, ಇಲ್ಲಿ ಬೇಲಿ ಹಾಕಿದವನನ್ನೇ ಬೇಲಿ ಮೇಯ್ದಿತ್ತು. ಅಪ್ಪನನ್ನು ನೋಡಿ ನನಗೆ ಅಯ್ಯೋ ಎನಿಸಿತು. ಅಯ್ಯೋ ಎನಿಸಿದ್ದಕ್ಕೆ ನನ್ನ ಮೇಲೇ ಕೋಪವೂ ಬಂತು.

"ನಾನು ಕೂರ್ಸಲ್ಲ" ಎಂದೆ. "ಒಂದಕ್ಕೂ ಕೂರ್ಸಲ್ಲ, ನಾಲ್ಕಕ್ಕೂ ಕೂರ್ಸಲ್ಲ. ನಿಮ್ಮ ಮೈಸೂರಿನೋನ್ನ ಕರ್ಕೊಂಡು ಬನ್ನಿ."

"ಯೋಚನೆ ಮಾಡು" ಎಂದ ರಘುನಂದನ್. "ಹೊರಗಡೆ ಇರೋರು ನನ್ನ ಹೆಸರು ಹಿಡಿದು ಬರ್ತಿಲ್ಲ ಇಲ್ಲಿಗೆ. ನಿಮ್ಮಪ್ಪನ ಹೆಸರು ಹಿಡಿದು ಬರ್ತಾರೆ. ಹೋಗೋದು ಯಾರದು ಅಂತ ನೋಡಿಕೋ."

ಆಗ ಕಿಟಕಿಯ ಹತ್ತಿರ ಮಾಯಮ್ಮನ ಮುಖ ಕಾಣಿಸಿತು. ಸೆರಗನ್ನು ತಲೆಯ ಮೇಲೆ ಹೊದ್ದು, ಸರಳು ಹಿಡಿದುಕೊಂಡು ಒಳಗೆ ಬಗ್ಗಿ ನೋಡಿದಳು. ನನ್ನನ್ನೂ ನೋಡಲಿಲ್ಲ, ರಘುನಂದನ್‌ನನ್ನೂ ನೋಡಲಿಲ್ಲ.

"ಕೆಂಪಣ್ಣ, ಅಲ್ಲಿ ಒಬ್ಬೊಬ್ರು ಒಂದೊಂದು ಅಂತಾವ್ರೆ. ನಂಗೆ ಅವರ ಮಾತು ಬ್ಯಾಡ. ನೀನೇ ಯೋಳು. ನೆನ್ನೆ ತೂಕ ದಿಟವೋ, ಇವತ್ತಿನ ತೂಕ ದಿಟವೋ? ನೀನು ಯಾವ್ದು ಅಂದ್ರೆ ಅದು."

ರಘುನಂದನ್ ಬಾಯಿ ತೆರೆಯುವ ಮೊದಲೇ ಅಪ್ಪ ಬಾಗಿಲು ತೆಗೆದು ಹೊರಗೆ ಹೋದ. ನಾನು ಹಿಂದೆ ಹೋದೆ. ಅಪ್ಪ ಸೀದಾ ತಟ್ಟೆಯ ಹತ್ತಿರ ಹೋಗಿ ಎಲ್ಲರಿಗೂ ಕಾಣುವ ಹಾಗೆ ನಿಂತ. ಬಿಸಿಲು ನೆತ್ತಿಯ ಮೇಲಿತ್ತು.

"ಇವತ್ತಿಂದು ದಿಟ ಕಣಮ್ಮ" ಎಂದ. "ನೆನ್ನೇದು ಸುಳ್ಳು. ಮೊನ್ನೇದೂ ಸುಳ್ಳು. ಬಾಗ್ಲ ಮೇಲೆ ಕಡಿತ ಇಲ್ಲ ಅಂತ ಬರೆಸಿದ ದಿನದಿಂದ ಸುಳ್ಳು. ನೂರಕ್ಕೆ ಒಂದು ಅಂತ ನಾನೇ ಮಿಷಿನ್ನಿನ ಒಳಗೆ ಕೂರ್ಸಿದ್ದೆ. ಈಗ ನಾಲ್ಕು ಓಗ್ತಾ ಇತ್ತು, ಅದು ನಂಗೆ ಗೊತ್ತಿರ್ನಿಲ್ಲ. ಒಂದು ಗೊತ್ತಿತ್ತು."

ನಾನು ಕಲ್ಲು ಬೀಳುತ್ತದೆ ಎಂದುಕೊಂಡೆ. ಅಲ್ಲಿ ಕಬ್ಬು ಕಡಿಯುವ ಮಚ್ಚುಗಳಿದ್ದವು, ಬೆಳಗಿನಿಂದ ಕಾದು ಕಾದು ರೇಗಿದ ಗಂಡಸರಿದ್ದರು. ಅಪ್ಪನ ಪಕ್ಕಕ್ಕೆ ಹೋಗಿ ನಿಂತೆ. ಹೊಡೆಯುವುದಾದರೆ ನನಗೂ ಬೀಳಲಿ ಎಂದಲ್ಲ, ಸುಮ್ಮನೆ ಕಾಲು ಆ ಕಡೆ ಹೋಯಿತು.

ಯಾರೂ ಕೂಗಲಿಲ್ಲ. ಎಲ್ಲರೂ ಅಪ್ಪನನ್ನು ನೋಡಿದರು, ಸತ್ತವರ ಸುದ್ದಿ ಕೇಳಿದವರ ಹಾಗೆ. ಸಾದಿಕ್ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಾಯಮ್ಮ ಹೋಗಿ ಟ್ರಾಕ್ಟರಿನ ಮಡ್ಗಾರ್ಡಿನ ಮೇಲೆ ಹತ್ತಿ ಕೂತು, "ನಡಿ ಸಾದಿಕ್ಕು" ಎಂದಳು. ಅಷ್ಟೇ. ಗಾಡಿ ತಟ್ಟೆಯಿಂದ ಇಳಿಯಿತು. ಬೋರ್ಡು ಸೊನ್ನೆ ತೋರಿಸಿತು.

ಅದರ ಹಿಂದಿನದು ತಿರುಗಿತು. ಅದರ ಹಿಂದಿನದೂ. ಜಾಗ ಚಿಕ್ಕದು, ತುಂಬಿದ ಟ್ರೈಲರನ್ನು ಹಿಂದಕ್ಕೆ ತೆಗೆಯುವುದು ಸುಲಭವಲ್ಲ. ಬೇರೆ ದಿನವಾಗಿದ್ದರೆ ಬೈಗುಳದ ಮಳೆಯೇ ಸುರಿಯುತ್ತಿತ್ತು. ಅವತ್ತು ಒಬ್ಬರಿಗೊಬ್ಬರು ಕೈ ತೋರಿಸಿಕೊಂಡು, ದಾರಿ ಬಿಟ್ಟುಕೊಂಡು, ಮೆಲ್ಲಗೆ ತಿರುಗಿಸಿಕೊಂಡರು. ಅಪ್ಪನ ಪಕ್ಕದಲ್ಲೇ ಹಾದು ಹೋಗುವಾಗ ಒಬ್ಬರೂ ಅವನ ಮುಖ ನೋಡಲಿಲ್ಲ.

"ಬೈರೋ" ಎಂದ ಅಪ್ಪ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. "ಯಾರಾದ್ರೂ ಒಂದು ಮಾತು ಬೈರ್ಲಾ! ಉಗೀರ್ಲಾ!"

ಒಬ್ಬರೂ ಬೈಯಲಿಲ್ಲ. ಇಷ್ಟು ವರ್ಷ ಯಾವ ಜಗಳ ಬೇಡವೆಂದು ಅಪ್ಪ ಒದ್ದಾಡಿದ್ದನೋ ಆ ಜಗಳ ಅವತ್ತು ಕರೆದರೂ ಬರಲಿಲ್ಲ. ರಸ್ತೆ ಖಾಲಿಯಾಯಿತು. ಬಿದ್ದ ಸೋಗೆ ಮಾತ್ರ ಉಳಿಯಿತು. ರಘುನಂದನ್ ರೂಮಿನ ಒಳಗಿಂದ ಯಾರಿಗೋ ಫೋನ್ ಮಾಡುತ್ತಿದ್ದ.

ಅಪ್ಪ ತಟ್ಟೆಯ ಅಂಚಿನಲ್ಲಿ ಕೂತುಬಿಟ್ಟ. ನಾನೂ ಕೂತೆ. ಕಬ್ಬಿಣ ಸುಡುತ್ತಿತ್ತು, ಇಬ್ಬರೂ ಏಳಲಿಲ್ಲ. ಕೇಳಬೇಕಾದ್ದು ನೂರು ಇತ್ತು. ಬಾಯಿಗೆ ಬಂದದ್ದು ಒಂದೇ. ನಮ್ಮದೂ ಕಬ್ಬಿನ ಗದ್ದೆ ಇದೆ. ಪ್ರತಿ ಸಲ ನಾನೇ ಗಾಡಿಯ ಜೊತೆ ಬಂದು ಇದೇ ತಟ್ಟೆಯ ಮೇಲೆ ನಿಲ್ಲಿಸುತ್ತಿದ್ದೆ.

"ಅಪ್ಪ, ನಮ್ಮ ಕಬ್ಬು?"

"ಏನು ನಮ್ಮ ಕಬ್ಬು?"

"ನಮ್ದು ತೂಗುವಾಗ ಅದನ್ನ ತೆಗೀತಿದ್ಯಾ?"

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವನ ದನಿಯಲ್ಲಿ ರೋಷವಿತ್ತು.

"ಏನ್ ಮಾತೂಂತ ಆಡ್ತೀಯೇ? ನಮ್ದೂ ಅದ್ರಲ್ಲೇ ಕಡಿದು ತೂಗ್ದೆ ಕಣವ್ವ. ನಮ್ಗೊಂದು ತೂಕ, ಊರೋರ್ಗೊಂದು ತೂಕ ಇಡಾಕಾಯ್ತದಾ? ಅದು ಮೋಸ ಅಲ್ವಾ?"

ಅಪ್ಪ ಅದನ್ನು ನಿಜವಾಗಿಯೂ ಕೇಳುತ್ತಿದ್ದ. ನನ್ನ ಉತ್ತರಕ್ಕೆ ಕಾಯುತ್ತಿದ್ದ.